ಕೌದಿ ಹಿಂದಿನ ಗೋಡೆ

ಮಗಳಿಗೆ ಉಬ್ಬಸ ಶುರುವಾದ ವರ್ಷ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಡಾಕ್ಟರಾದರು. ನಾನು ರೋಗವಾದೆ. ಪೀಣ್ಯದ ಒಂದು ಪೌಡರ್ ಕೋಟಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಕೆಲಸ ನನ್ನದು. ಕಬ್ಬಿಣದ ಸಾಮಾನುಗಳನ್ನು ತೊಳೆದು, ಒಣಗಿಸಿ, ಬಣ್ಣದ ಪುಡಿ ಎರಚಿ, ದೊಡ್ಡ ಒಲೆಯಲ್ಲಿ ಬೇಯಿಸುತ್ತಾರೆ. ಆ ಪುಡಿಯನ್ನು ನಾನು ಬಟ್ಟೆಗೆ ಅಂಟಿಸಿಕೊಂಡು ಮನೆಗೆ ತರುತ್ತೇನೆ, ಅದನ್ನು ಉಸಿರಾಡಿ ಕೂಸು ಕೆಮ್ಮುತ್ತದೆ ಎಂದು ಮನೆಯವರು ತೀರ್ಮಾನಿಸಿದ್ದರು.

ಮೊದಲು ಬಾಯಿಬಿಟ್ಟವರು ನನ್ನ ಗಂಡನ ಅಕ್ಕ. ಅವರ ಮನೆ ಮಾಕಳಿಯಲ್ಲಿ, ನಮ್ಮ ಫ್ಲ್ಯಾಟು ನಾಗಸಂದ್ರದಲ್ಲಿ. ಭಾನುವಾರ ಬಂತೆಂದರೆ ಅವರು ಬಂದರು ಅಂತಲೇ ಅರ್ಥ.

"ಕೂಸಿನ ಉಸರಿಗಿಂತ ನಿನ್ನ ನೌಕರಿ ದೊಡ್ಡದೇನವಾ?" ಎಂದು ಕೇಳಿದರು. 

"ಅಕ್ಕಾರ, ನಾ ಅಲ್ಲೇ ಬಟ್ಟಿ ಬದಲಿ ಮಾಡಿ, ಕೈಕಾಲು ಮುಖ ತೊಳಕೊಂಡು ಬರತೀನಿ" ಎಂದೆ. ಅವರು ನನ್ನ ದುಪಟ್ಟಾವನ್ನು ಬೆರಳಲ್ಲಿ ಉಜ್ಜಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ. ಅಭಿಪ್ರಾಯವೂ ಬದಲಾಗಲಿಲ್ಲ.

ಅತ್ತೆ ಏನೂ ಅನ್ನುತ್ತಿರಲಿಲ್ಲ. ಅವರು ಹಾವೇರಿಯ ಕಡೆಯವರು, ಮಾತು ಕಡಿಮೆ, ಕೈಕೆಲಸ ಜಾಸ್ತಿ. ನಮ್ಮೊಂದಿಗೆ ಇರಲು ಬಂದಾಗ ಒಂದು ಟ್ರಂಕಿನ ಜೊತೆ ಅವರು ತಂದದ್ದು ಕೌದಿಗಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿದ ಹೊದಿಕೆಗಳು. ನಮ್ಮ ಕಡೆ ಕೌದಿಯನ್ನು ಕಪಾಟಿನಲ್ಲಿ ಅಡಗಿಸುವುದಿಲ್ಲ. ಮಡಚಿ, ಒಂದರ ಮೇಲೊಂದು ಪೇರಿಸಿ, ಗೋಡೆಗೆ ಒತ್ತಿ ಇಡುತ್ತೇವೆ. ಬಂದವರಿಗೆ ಕಾಣಬೇಕು, ಈ ಮನೆಯ ಹೆಣ್ಣುಮಗಳ ಕೈ ಎಂಥದ್ದು ಅಂತ ತಿಳಿಯಬೇಕು. ಅತ್ತೆಯೂ ಹಾಗೇ, ತಾವು ಮತ್ತು ಮೊಮ್ಮಗಳು ಮಲಗುವ ಕೋಣೆಯ ಮೂಲೆಯಲ್ಲಿ ಮರದ ಸ್ಟ್ಯಾಂಡ್ ಹಾಕಿಸಿ ಎದೆಯೆತ್ತರ ಪೇರಿಸಿದ್ದರು. ದಿನಾ ಮೇಲಿನದೊಂದನ್ನು ತೆಗೆದು ಮಗಳಿಗೆ ಹೊದಿಸುತ್ತಿದ್ದರು. ಅವಳು ಅದರಲ್ಲಿ ಮೂಗು ತೂರಿಸಿ "ಊರಿನ ವಾಸನಿ" ಎನ್ನುತ್ತಿದ್ದಳು. ಅತ್ತೆಯ ಮುಖ ಅರಳುತ್ತಿತ್ತು. ಕೆಮ್ಮು ಹೆಚ್ಚಾದ ಮೇಲೆ ಸೋಮವಾರ ಸೋಮವಾರ ಅದೇ ಕೋಣೆಗೆ ಲೋಬಾನದ ಹೊಗೆ ಬೇರೆ. ದೃಷ್ಟಿ ಹೋಗುತ್ತಿತ್ತೋ ಏನೋ, ಕೆಮ್ಮಂತೂ ಇನ್ನೊಂದು ಮೆಟ್ಟಿಲು ಏರುತ್ತಿತ್ತು.

ಕ್ಲಿನಿಕ್ಕಿನ ಡಾಕ್ಟರಮ್ಮ ಉಬ್ಬಸ ಎಂದು ಹೇಳಿ ಇನ್ಹೇಲರ್ ಕೊಟ್ಟರು. "ಮನೇಲಿ ಹೊಗೆ, ಧೂಳು, ತೇವ ಏನಾದ್ರೂ ಇದ್ಯಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, "ಇವಳ ಫ್ಯಾಕ್ಟರಿ ಪೌಡರ್ ಇದೆ ಮೇಡಂ" ಎಂದರು. ನನಗೆ ಅಲ್ಲೇ ಎದ್ದು ಹೋಗುವಷ್ಟು ಸಿಟ್ಟು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಗಾದೆಯಲ್ಲಿ ಕೇಳಿದ್ದೆ, ಆ ದಿನ ಎಮ್ಮೆಯ ಜಾಗದಲ್ಲಿ ಕೂತು ನೋಡಿದೆ.

ಶ್ರಾವಣದಲ್ಲಿ ಗದಗಿನಲ್ಲಿ ಒಂದು ಮದುವೆ ಇತ್ತು. ವಾರ ಮೀರಿ ಅಲ್ಲಿದ್ದೆವು. ಮಗಳು ಧೂಳಲ್ಲಿ ಆಡಿದಳು, ಐಸ್‌ಕ್ರೀಂ ತಿಂದಳು, ಒಂದು ಸಲವೂ ಸುಂಯ್ ಎನ್ನಲಿಲ್ಲ. ಗಂಡನ ಅಕ್ಕ ಗೆದ್ದವರ ಹಾಗೆ ನಕ್ಕರು. "ನೋಡಿದಿ? ನೀ ಕೆಲಸಕ್ಕ ಹೋಗಲಿಲ್ಲ, ಕೂಸು ಆರಾಮ ಆತು." ವಾಪಸು ಬರುವಾಗ ರೈಲಿನಲ್ಲಿ ನನ್ನ ಗಂಡ, ದಸರಾ ಮುಗಿದ ಮೇಲೆ ರಾಜೀನಾಮೆ ಕೊಟ್ಟುಬಿಡು, ಎರಡು ವರ್ಷ ಬಿಟ್ಟು ಬೇರೆ ನೋಡೋಣ ಎಂದರು. ಡಿಪ್ಲೊಮಾ ಮುಗಿಸಿ, ಗಂಡಸರೇ ತುಂಬಿದ ಶೆಡ್ಡಿನಲ್ಲಿ ಬೈಸಿಕೊಂಡು, ಬೈದು, ಗಳಿಸಿದ ಜಾಗ ಅದು. ಎರಡು ವರ್ಷ ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೆ ಮಗಳ ಪಕ್ಕೆ ಒಳಗೆಳೆದುಕೊಳ್ಳುವುದನ್ನು ಕಂಡ ತಾಯಿ ಯಾವ ಬಾಯಿಂದ ವಾದ ಮಾಡಬೇಕು? ಹೂಂ ಎಂದೆ.

ಹೂಂ ಎಂದರೂ ತಲೆ ಸುಮ್ಮನಿರಲಿಲ್ಲ. ಆಯುಧ ಪೂಜೆಗೆ ಕಾರ್ಖಾನೆ ಮುಚ್ಚಿತು, ಮೆಷಿನ್ ರಿಪೇರಿಯೆಂದು ರಜೆ ಇನ್ನೂ ಕೆಲವು ದಿನ ಬೆಳೆಯಿತು. ನಾನು ಮನೆಯಲ್ಲೇ ಇದ್ದೆ. ಪುಡಿಯಿಲ್ಲ, ಪೀಣ್ಯವಿಲ್ಲ. ಆದರೂ ಮಗಳ ಕೆಮ್ಮು ಇಳಿಯಲಿಲ್ಲ, ಬೆಳಗ್ಗೆ ಏಳುವಾಗ ಎಂದಿಗಿಂತ ಜೋರಾಗಿತ್ತು. ನನಗೆ ಭಯದ ಜೊತೆಗೆ, ಹೇಳಬಾರದು, ಖುಷಿಯೂ ಆಯಿತು. ಗದಗಿನಲ್ಲಿ ನಾನೂ ಇದ್ದೆ, ಇಲ್ಲೂ ನಾನಿದ್ದೇನೆ. ಹಾಗಾದರೆ ಬದಲಾದದ್ದು ನಾನಲ್ಲ, ಮನೆ.

ನಮ್ಮ ಕೆಲಸದಲ್ಲಿ ಮೊದಲು ಕಲಿಸುವ ಪಾಠ ಒಂದಿದೆ. ಬಣ್ಣ ಗುಳ್ಳೆಯೆದ್ದರೆ ಬಣ್ಣವನ್ನು ಬೈಯಬೇಡ, ಅದರ ಕೆಳಗೆ ತೇವ ಎಲ್ಲಿತ್ತು ಹುಡುಕು. ಮಗಳ ಕೋಣೆಗೆ ಹೋಗಿ ಟಾರ್ಚ್ ಹಿಡಿದು ಗೋಡೆಗಳನ್ನು ಓರೆಯಾಗಿ ನೋಡಿದೆ. ಮೂಲೆಯಲ್ಲಿ, ಕೌದಿಯ ಪೇರಿಕೆಗಿಂತ ಸ್ವಲ್ಪ ಮೇಲೆ, ಪೇಂಟು ಸಣ್ಣದಾಗಿ ಉಬ್ಬಿತ್ತು. ಗಂಡನನ್ನು ಕರೆದು ಸ್ಟ್ಯಾಂಡನ್ನು ಮುಂದಕ್ಕೆ ಎಳೆಸಿದೆ.

ಹಿಂದಿನ ಗೋಡೆ ನೆಲದಿಂದ ಎದೆಯೆತ್ತರ ಕಪ್ಪಾಗಿತ್ತು. ಕಪ್ಪು, ಹಸಿರು, ನಡುನಡುವೆ ಹತ್ತಿಯಂತೆ ಬಿಳಿ ಬೂಷ್ಟು. ಗೋಡೆಗೆ ತಾಗಿದ್ದ ಕೌದಿಗಳ ಬೆನ್ನಿಗೂ ಅದೇ. ಊರಿನ ವಾಸನೆ ಮೂಗಿಗೆ ಬಡಿಯಿತು, ಆದರೆ ಅದು ಯಾವ ಊರಿನದೂ ಆಗಿರಲಿಲ್ಲ. ಹೊರಗೆ ಅದೇ ಗೋಡೆಗುಂಟ ಮಳೆನೀರಿನ ಪೈಪು ಇಳಿದಿತ್ತು, ಒಂದು ಜಾಯಿಂಟು ಬಿರುಕುಬಿಟ್ಟು ಗೋಡೆ ನೀರು ಕುಡಿದುಕೊಂಡಿತ್ತು. ಊರಿನ ಮನೆಯಲ್ಲಿ ಗಾಳಿ, ಬಿಸಿಲು ಇದ್ದವು, ಕೌದಿ ಗೋಡೆಗೆ ಒತ್ತಿದರೂ ನಡೆಯುತ್ತಿತ್ತು. ಇಲ್ಲಿ ನಡೆಯಲಿಲ್ಲ.

ಗಂಡ ಓಡಿಹೋಗಿ ಬ್ಲೀಚಿಂಗ್ ಪೌಡರ್ ಮತ್ತು ಬಾತ್‌ರೂಮ್ ಆಸಿಡ್ ತಂದರು. ಎರಡನ್ನೂ ಒಂದೇ ಬಕೆಟ್ಟಿಗೆ ಸುರಿಯಲು ಹೊರಟಿದ್ದರು. ಕಿತ್ತುಕೊಂಡೆ. "ಎರಡೂ ಕೂಡಿಸಿದ್ರ ವಿಷದ ಗಾಳಿ ಏಳತೈತ್ರೀ. ಕೂಸಿನ ಕೆಮ್ಮು ಬಿಡ್ರಿ, ನಾವಿಬ್ಬರೂ ಇಲ್ಲೇ ಮಲಗಬೇಕಾಗತೈತಿ." ಆ ದಿನದಿಂದ ಈ ಕೆಲಸದ ಯಜಮಾನಿಕೆ ನನ್ನದಾಯಿತು, ಅವರೂ ಬೇಡ ಎನ್ನಲಿಲ್ಲ.

ಅತ್ತೆಯನ್ನೂ ಮಗಳನ್ನೂ ಮಾಕಳಿಗೆ ಕಳಿಸಿದೆ. ಮೊದಲು ಪ್ಲಂಬರನಿಂದ ಪೈಪು ಸರಿಮಾಡಿಸಿದೆ, ನೀರು ನಿಲ್ಲದೆ ಗೋಡೆ ಉಜ್ಜುವುದು ತೂತು ಕೊಡದಲ್ಲಿ ನೀರು ಹೊತ್ತಂತೆ. ಕೋಣೆಯ ಫ್ಯಾನು ನಿಲ್ಲಿಸಿ, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೊರಗಿನ ಕಿಟಕಿ ತೆರೆದೆ. ಬಟ್ಟೆ ಮಾಸ್ಕ್ ಅಲ್ಲ, ಕಾರ್ಖಾನೆಯಲ್ಲಿ ಹಾಕುವ ಎನ್-95, ಮುಚ್ಚಿದ ಕನ್ನಡಕ, ಉದ್ದ ಗ್ಲೌಸು. ಗಂಡ ಒಣ ಬ್ರಶ್ ಎತ್ತಿದರು, ಮತ್ತೆ ಬೈದೆ. ಒಣಗಿದ್ದನ್ನು ಕೆರೆದರೆ ಅದರ ಪುಡಿ ಇಡೀ ಮನೆಗೆ ಹಾರುತ್ತದೆ. ಮೊದಲು ನೀರು ಚಿಮುಕಿಸಿ, ಆಮೇಲೆ ಸೋಪಿನ ನೀರಿನಲ್ಲಿ ಉಜ್ಜಿದೆವು. ಮೆತ್ತಗಾಗಿ ಉದುರುತ್ತಿದ್ದ ಗಾರೆಯನ್ನು ಮೇಸ್ತ್ರಿ ತೋಯಿಸಿಯೇ ಕೆತ್ತಿ ತೆಗೆದರು. ಗಾರೆ, ಗೋಡೆ ಉಜ್ಜಿದ ಚಿಂದಿ, ಮರದ ಸ್ಟ್ಯಾಂಡು ಎಲ್ಲವನ್ನೂ ಕೋಣೆಯೊಳಗೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಹೊರಗೆ ಸಾಗಿಸಿದೆವು. ಕಸಬರಿಗೆ ಮುಟ್ಟದೆ ಒದ್ದೆ ಬಟ್ಟೆಯಲ್ಲೇ ನೆಲ ಒರೆಸಿದೆವು.

"ದೀಪಾವಳಿಗೆ ಪೇಂಟ್ ಹೊಡ್ದುಬಿಡಣ ಮೇಡಂ, ಡ್ಯಾಂಪ್ ಪ್ರೂಫ್ ಹೊಡುದ್ರೆ ಆಯ್ತು ಕಣ್ರೀ" ಎಂದರು ಮೇಸ್ತ್ರಿ. ಗೋಡೆ ಒಣಗದೆ ಒಂದು ಹನಿ ಬಣ್ಣವೂ ಇಲ್ಲ ಎಂದೆ. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪಿನಿಂದ ಗೋಡೆಗೆ ಅಂಟಿಸಿದೆ. ಮಾರನೆಯ ದಿನ ಅದರೊಳಗೆ ಬೆವರು ಕಂಡಿತು. ಹಾಗಾಗಿ ದೀಪಾವಳಿಗೆ ನಮ್ಮ ಮನೆಯ ಒಂದು ಗೋಡೆ ಬರಿಮೈಯಲ್ಲೇ ಇತ್ತು.

ಇದೆಲ್ಲ ಸುಲಭದ ಕೆಲಸ. ಕಷ್ಟದ್ದು ಕೌದಿ. ಅದನ್ನು ಬಿಸಿನೀರಲ್ಲಿ ಒಗೆದು ಒಣಗಿಸಿದರೂ ಒಳಪದರಗಳಲ್ಲಿ ಬೂಷ್ಟು ಕೂತೇ ಇರುತ್ತದೆ. ಅತ್ತೆ ವಾಪಸು ಬಂದ ದಿನ ಕೌದಿಗಳ ಚೀಲ ಬಾಲ್ಕನಿಯಲ್ಲಿತ್ತು. ಮೇಲಿನದು ತೀರಿಕೊಂಡ ಮಾವನವರ ಧೋತರಗಳದು, ಅಂಚಿಗೆ ಅತ್ತೆಯ ಮದುವೆಯ ಇಳಕಲ್ ಸೀರೆ. ನಾನು ಉಳಿದ ಯಾವ ವಿಷಯದಲ್ಲೂ ಅಳುಕಲಿಲ್ಲ, ಅಲ್ಲಿ ಅಳುಕಿದೆ. ಆದರೂ ಇವನ್ನು ಎಸೆಯಲೇಬೇಕು ಎಂದು ಹೇಳಿದೆ.

"ಅಂದ್ರ, ನನ್ನ ಕೈಲೆ ಹೊಚ್ಚಿದ್ದೇ ಕೂಸಿನ ಉಸರು ಹಿಡೀತಿತ್ತನು?" ಎಂದರು.

"ನಿಮ್ಮ ಕೈ ಅಲ್ಲರೀ ಅತ್ತಿ. ಆ ಪೈಪು" ಎಂದೆ.

ಅತ್ತೆ ಕತ್ತರಿ ಕೇಳಿದರು. ನಾನು ಮಾಸ್ಕ್ ಮತ್ತು ಗ್ಲೌಸು ಕೊಟ್ಟೆ. ಬಾಲ್ಕನಿಯಲ್ಲಿ ಕೂತು, ವರ್ಷಗಳ ಹಿಂದೆ ತಾವೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಒಳಗಿನ ಪದರ ಕಂಡಾಗ "ಅಯ್ಯ ಶಿವನ" ಎಂದು ಅಲ್ಲೇ ಚೀಲಕ್ಕೆ ಹಾಕಿದರು. ಕಲೆಯಿಲ್ಲದ ಇಳಕಲ್ ಅಂಚು ಮಾತ್ರ ಉಳಿಯಿತು. ಅದನ್ನು ಕುದಿಸಿ, ಟೆರೇಸಿನ ಬಿಸಿಲಿಗೆ ಹಾಕಿ, ಹೊಸ ಬಟ್ಟೆಗೆ ಹೊಲಿದು ಸಣ್ಣದೊಂದು ಕೌದಿ ಮಾಡಿದರು. ಮಗಳು ಮೂಸಿ ನೋಡಿ ಮುಖ ಸಿಂಡರಿಸಿದಳು. "ಅಜ್ಜಿ, ಇದಕ್ಕ ಏನೂ ವಾಸನಿನ ಇಲ್ಲ."

"ಇರಬಾರದು" ಎಂದರು ಅತ್ತೆ.

ಡಾಕ್ಟರಮ್ಮ ಎಲ್ಲ ಕೇಳಿದರು. ಬೂಷ್ಟು ಎಲ್ಲರಿಗೂ ಹೀಗೆ ಮಾಡುವುದಿಲ್ಲ, ಉಸಿರಿನ ದಾರಿ ಸೂಕ್ಷ್ಮ ಇದ್ದವರನ್ನು ಕೆಣಕುತ್ತದೆ, ಗೋಡೆ ಶುಚಿಯಾಯಿತೆಂದು ಇನ್ಹೇಲರನ್ನು ನೀವೇ ನಿಲ್ಲಿಸಬೇಡಿ ಎಂದರು. ನಿಲ್ಲಿಸಲಿಲ್ಲ. ಲೋಬಾನ ಮಾತ್ರ ಅತ್ತೆ ತಾವಾಗಿಯೇ ನಿಲ್ಲಿಸಿದರು. ದಿನಗಳು ಕಳೆದಂತೆ ಮಗಳ ಬೆಳಗಿನ ಕೆಮ್ಮು ಇಳಿಯಿತು.

ದೀಪಾವಳಿಗೆ ಬಂದ ಗಂಡನ ಅಕ್ಕ ರಾತ್ರಿ ನಮ್ಮಲ್ಲೇ ಉಳಿದರು. ಮರುದಿನ ಬೆಳಗ್ಗೆ ನಾನು ಕಾರ್ಖಾನೆಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಅವರ ಮಾತು ಕೇಳಿಸಿತು. "ಆಕಿ ಇನ್ನೂ ಕೆಲಸ ಬಿಟ್ಟಿಲ್ಲನು, ಅವ್ವಾ?"

ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ. ನಾನು ಉತ್ತರ ಕೊಡಲು ಒಳಗೆ ಹೊರಟೆ. ಅಷ್ಟರಲ್ಲಿ ಅತ್ತೆ ನನ್ನ ಡಬ್ಬಿಯನ್ನು ಹಿಡಿದುಕೊಂಡು ಹೊರಗೆ ಬಂದರು.

"ಬಿಡಬೇಕಾದಾಕಿ ಈಕಿ ಅಲ್ಲ. ಮನಿ ಬಿಡಬೇಕಾಗಿದ್ದು ನನ್ನ ಕೌದಿ, ಅದು ಬಿಟ್ಟಾತು" ಎಂದು ತಮ್ಮ ಮಗಳಿಗೆ ಹೇಳಿದರು. ನನ್ನ ಕೈಗೆ ಡಬ್ಬಿ ಕೊಟ್ಟರು. "ರೊಟ್ಟಿ ಬಿಸಿ ಅದಾವು. ಹೊತ್ತಾತು, ನಡಿ."