ಅರ್ಥಪ್ಪನ ಮಾತು ನಿಂತಾಗ

ನನ್ನ ಅಕ್ಕನ ಗಂಡನಿಗೆ ಬೀದಿಯವರು ಇಟ್ಟ ಹೆಸರು ಅರ್ಥಪ್ಪ. ನನಗೆ ಭಾವ. ಬಳಕೆ ತಪ್ಪಿದ ಇಂಗ್ಲಿಷ್ ಪದಗಳಿಗೆ, ಬಡಗಿ, ದರ್ಜಿ, ಹಡಗಿನವರು ಆಡುವ ಕಸುಬಿನ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವುದು ಪದಕೋಶದ ಕಚೇರಿಯಲ್ಲಿ ಅವರ ಕೆಲಸ. ಇದರಿಂದ ಸಂಸಾರ ನಡೆಯುತ್ತದೆಯೇ ಎಂದು ಮದುವೆಗೆ ಮುಂಚೆ ನಮ್ಮಪ್ಪ ಕೇಳಿದ್ದರು. ಸಂಸಾರವೇನೋ ನಡೆಯಿತು, ಮನೆಯ ಸಾಮಾನಿಗೆ ಮಾತ್ರ ಉಳಿಗಾಲವಿರಲಿಲ್ಲ.

ಏಕೆಂದರೆ ವಸ್ತುವನ್ನು ಕೈಯಲ್ಲಿ ಹಿಡಿಯದೆ ಭಾವ ಅರ್ಥ ಬರೆಯುವವರಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಅವರಷ್ಟು ದುರುಪಯೋಗ ಮಾಡಿಕೊಂಡವರನ್ನು ನಾನು ಕಂಡಿಲ್ಲ. ಗಿಮ್ಲೆಟ್ ಎಂಬ ಪದ ಎದುರಾದಾಗ, ಮರಕ್ಕೆ ತೂತು ಕೊರೆಯುವ ಪುಟ್ಟ ಸಾಧನವೊಂದನ್ನು ಬಡಗಿಯಿಂದ ಬೇಡಿ ತಂದು, ಅಕ್ಕನ ಹೊಸ ಊಟದ ಮೇಜನ್ನೇ ಕೊರೆದರು.

"ನೋಡಿದ್ಯಾ, ಮೊಳೆ ಹೊಡೆದಾಗ ಮರ ಸೀಳಬಾರದು ಅಂತ ಮೊದಲು ಹೀಗೆ ತೂತು ಮಾಡೋದು" ಎಂದು ತೋರಿಸಿದರು.

ಅಕ್ಕ ಆ ತೂತಿನ ಮೇಲೆ ಉಪ್ಪಿನ ಡಬ್ಬಿ ಇಟ್ಟಳು. ನೆಂಟರು ಉಪ್ಪು ಕೇಳಿದರೆ ಚಮಚದಲ್ಲಿ ತೆಗೆದು ಕೊಡುತ್ತಿದ್ದಳೇ ಹೊರತು ಡಬ್ಬಿಯನ್ನು ಕದಲಿಸುತ್ತಿರಲಿಲ್ಲ. ಗಂಡನ ಪದಗಳನ್ನು ಅವಳು ಒಂದನ್ನೂ ಕಲಿಯಲಿಲ್ಲ. "ಇರೋ ಮಾತಲ್ಲೇ ಜಗಳ ಆಡೋಕೆ ಪುರುಸೊತ್ತಿಲ್ಲ, ಹೊಸದ್ಯಾಕೆ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕಚೇರಿಗೆ ಹೊರಟು, ಚಪ್ಪಲಿ ಮೆಟ್ಟಲು ಬಗ್ಗಿದ ಭಾವ ಹಾಗೇ ಕುಸಿದರು. ಲಕ್ವ. ಬಲಗೈ, ಬಲಗಾಲು, ಮಾತು ಎಲ್ಲ ಒಟ್ಟಿಗೆ ಹೋದವು. ಆಸ್ಪತ್ರೆಯಲ್ಲಿ ಬಹುಪಾಲು ಮಂಪರಿನಲ್ಲೇ ಇದ್ದರು. ಮನೆಗೆ ಕಳಿಸುವಾಗ ಡಾಕ್ಟರು, "ಮಾತು ಬರೋದು ನಿಧಾನ. ಒಳಗೆ ಎಷ್ಟು ತಿಳೀತಾ ಇದೆ ಅಂತ ಈಗಲೇ ಹೇಳೋಕಾಗಲ್ಲ. ಮಾತಾಡಿಸ್ತಾ ಇರಿ" ಎಂದರು.

ಅಕ್ಕನಿಗೆ ಅದರಲ್ಲಿ ಒಂದೇ ಮಾತು ನಾಟಿತು. "ಮಾತು ಬರದಿದ್ರೆ ಹೋಗ್ಲಿ ಬಿಡೇ. ನಾನು ಯಾರು ಅಂತ ತಿಳಿದ್ರೆ ಸಾಕು" ಎಂದು ಒಲೆಯ ಮುಂದೆ ನಿಂತು ಅತ್ತಳು. ಅವಳು ಅಳುವುದನ್ನು ನಾನು ಹೆಚ್ಚು ನೋಡಿದವಳಲ್ಲ.

ಮರುದಿನದಿಂದ ಶುರುವಾಯಿತು ಅವಳ ಪರೀಕ್ಷೆ. ಭಾವನನ್ನು ಕುರ್ಚಿಯಲ್ಲಿ ಕೂರಿಸಿ, ಬಾಚಣಿಗೆ ಹಿಡಿದು, "ರೀ, ಇದೇನು ಹೇಳಿ" ಎನ್ನುವಳು. ಚಮಚ ಹಿಡಿದು, "ಇದು?" ಎನ್ನುವಳು. ಭಾವ ಅದನ್ನೇ ದಿಟ್ಟಿಸಿ, ತುಟಿ ಸೊಟ್ಟ ಮಾಡಿ, ಗಂಟಲಲ್ಲಿ ಏನೋ ತಡಕಾಡಿ, ಕೊನೆಗೆ ಮುಖ ತಿರುಗಿಸುವರು. ಪ್ರತಿ ಸಲವೂ ಅಕ್ಕನ ಮುಖ ಚಿಕ್ಕದಾಗುತ್ತಿತ್ತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಅಕ್ಕ, ನೀನು ಉಲ್ಟಾ ಕೇಳ್ತಿದ್ದೀಯ" ಎಂದೆ. "ವಸ್ತು ತೋರಿಸಿ ಹೆಸರು ಕೇಳಿದ್ರೆ ಅವರು ಬಾಯಿ ಬಿಡಬೇಕು. ಕಚೇರಿಯಲ್ಲಿ ಅವರು ಮಾಡ್ತಿದ್ದದ್ದು ಅದಲ್ಲ. ಹೆಸರು ಮೊದಲು ಬರ್ತಿತ್ತು, ಆಮೇಲೆ ವಸ್ತು ಹುಡುಕ್ತಿದ್ರು. ಹಾಗೆ ಕೇಳು."

"ನನಗೆಲ್ಲಿ ಬರತ್ತೆ ಆ ಪದಗಳು?"

ಗೂಡಿನಿಂದ ಅವರದೇ ಪದಕೋಶವನ್ನು ಎಳೆದು ಮೊದಲ ಪುಟಗಳಲ್ಲೊಂದನ್ನು ತೆರೆದೆ. "ಭಾವ, ಆಂಟಿಮಕಾಸರ್" ಎಂದೆ.

ಅವರ ಕಣ್ಣು ನನ್ನ ಕಡೆ ತಿರುಗಿತು. ಎಡಗೈ ಮೆಲ್ಲಗೆ ಎದ್ದು, ತಲೆಯ ಹಿಂದೆ ಹೋಗಿ, ಕುರ್ಚಿಯ ಬೆನ್ನಿಗೆ ಹಾಕಿದ್ದ ಬಟ್ಟೆಯನ್ನು ಹಿಡಿದು ಎಳೆಯಿತು. ಪುಸ್ತಕ ನೋಡಿದೆ: ತಲೆಯೆಣ್ಣೆ ಹತ್ತದಂತೆ ಕುರ್ಚಿಯ ಬೆನ್ನಿಗೆ ಹೊದಿಸುವ ಬಟ್ಟೆ.

"ಕೇಸ್‌ಮೆಂಟ್" ಎಂದೆ. ಜರುಗಿಸುವ ಕಿಟಕಿ ಅವರ ಮೂಗಿನೆದುರೇ ಇತ್ತು. ಅದನ್ನು ಕಡೆಗಣಿಸಿ, ಕತ್ತು ಹೊರಳಿಸಿ, ಬಾಗಿಲಿನ ಹಾಗೆ ಹೊರಕ್ಕೆ ತೆರೆಯುವ ಅಡುಗೆಮನೆಯ ಕಿಟಕಿಯನ್ನೇ ತೋರಿಸಿದರು. "ಥಿಂಬಲ್" ಎಂದದ್ದಕ್ಕೆ, ಹೊಲಿಯುವಾಗ ಸೂಜಿ ಚುಚ್ಚದಂತೆ ಲೋಹದ ಟೋಪಿ ತೊಡಿಸುವ ಬೆರಳ ತುದಿಯನ್ನು ಕುರ್ಚಿಯ ಕೈಗೆ ಟಕ್ ಟಕ್ ಎಂದು ಬಡಿದರು. ನನಗೆ ಹೋದ ಜೀವ ಬಂದಂತಾಯಿತು. ಭಾವ ಒಳಗೆ ಇದ್ದರು, ಎಂದಿನ ಹಟಮಾರಿಯಾಗಿಯೇ ಇದ್ದರು.

ಅಕ್ಕ ಚಮಚ ಹಿಡಿದುಕೊಂಡೇ ನಿಂತಿದ್ದಳು. "ಇನ್ನೊಂದು ಕೇಳೇ" ಎಂದಳು, ಕೇಳಿಸಿಯೂ ಕೇಳಿಸದಂತಹ ದನಿಯಲ್ಲಿ.

ನಡುವಿನ ಯಾವುದೋ ಪುಟ ತೆರೆದುಕೊಂಡಿತು. "ಹೆಲ್ಪ್‌ಮೀಟ್" ಎಂದೆ. ನಮಗಿಬ್ಬರಿಗೂ ಗೊತ್ತಿಲ್ಲದ ಪದ.

ಭಾವನ ಬೆರಳು ಅಕ್ಕನ ಕಡೆ ಚಾಚಿತು. ಅಕ್ಕ ಹಿಂದೆ ತಿರುಗಿ ನೋಡಿದಳು. "ಬೀರೂನಾ?" ಎಂದು, ಬೀರು ಕಾಣಲೆಂದು ಪಕ್ಕಕ್ಕೆ ಸರಿದಳು. ಬೆರಳೂ ಸರಿಯಿತು. "ಗೋಡೆನಾ?" ಎಂದು ಇನ್ನೊಂದು ಪಕ್ಕಕ್ಕೆ ಹೋದಳು. ಬೆರಳು ಅಲ್ಲಿಗೂ ಬಂತು. ಭಾವನ ಮುಖದಲ್ಲಿ ದಡ್ಡರಿಗೆ ಪಾಠ ಹೇಳುವ ಮೇಷ್ಟರ ಅಸಹನೆ.

ನಾನು ಪುಸ್ತಕ ನೋಡಿ ಓದಿದೆ. "ಜೊತೆಗಿದ್ದು ನೆರವಾಗುವವಳು. ಹೆಂಡತಿ. ಹಳೆಯ ಬಳಕೆ."

ಅಕ್ಕ ಅವರ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟಳು. ಬೆರಳು ಇನ್ನೂ ಅವಳತ್ತಲೇ ಚಾಚಿತ್ತು.

"ಗೊತ್ತಾಯ್ತು ರೀ" ಎಂದಳು, ಕೆನ್ನೆ ಒರೆಸಿಕೊಳ್ಳುತ್ತಾ. "ಕೈ ನೋಯತ್ತೆ, ಇಳಿಸಿ ಈಗ."

ಭಾವ ಇಳಿಸಲಿಲ್ಲ.