ಕಾಡುಕೋಣದ ಆಚೆ ಹೋದ ಸೈಕಲ್

ನಾನು ಹುಟ್ಟು ಅಂಜುಬುರುಕ. ಪೇಟೆಗೆ ಹೋದ ಹೆಂಡತಿ ಬರುವುದು ಸ್ವಲ್ಪ ತಡವಾದರೂ ಮನಸ್ಸಿನಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ಆಗಿರುತ್ತದೆ. ಇಂಥವನ ತೊಡೆಯ ಮೇಲೆ ಸೈಕಲ್ಲಿನ ಗಾಲಿಯೊಂದನ್ನು ಇಟ್ಟು, “ಪಂಕ್ಚರ್ ಆದ್ರ ಇದನ್ನ ಕೊಡೂದು ನಿಮ್ಮ ಕೆಲಸ, ಮಾಸ್ತರ” ಎಂದ ಬಸ್ತ್ಯಾಂವನ ಧೈರ್ಯ ದೊಡ್ಡದು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಡೆ ಮೂರು ದಿನದ ಸೈಕಲ್ ಪಂದ್ಯ ನಡೆಯಿತು. ಮೊದಲ ದಿನ ಮುಂಡಗೋಡದಿಂದ ಹಳಿಯಾಳ, ಮರುದಿನ ಸುತ್ತಲಿನ ಹಳ್ಳಿಗಳನ್ನೆಲ್ಲ ಬಳಸಿ ದಾಂಡೇಲಿ, ಕೊನೆಯ ದಿನ ಜೋಯಿಡಾ ಹಾದು ಉಳವಿ. ಮೂರೂ ದಿನದ ವೇಳೆ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಬಿಜಾಪುರ, ಬೆಳಗಾವಿ ಕಡೆಯಿಂದ ಸೈಕಲ್ ತುಳಿಯುವುದನ್ನೇ ಉದ್ಯೋಗ ಮಾಡಿಕೊಂಡವರು ಬಂದಿದ್ದರು. ಅವರ ನಡುವೆ ನಮ್ಮ ಬಸ್ತ್ಯಾಂವ ಸಿದ್ದಿ. ಹಳಿಯಾಳದಲ್ಲಿ ನನ್ನ ಹಿತ್ತಲಿಗೆ ಹೊಂದಿಕೊಂಡೇ ಅವನ ಮನೆ. ಮೂವತ್ತು ದಾಟಿದ್ದ, ಇದೇ ಕಡೆಯ ಪಂದ್ಯವೆಂದು ಹೆಂಡತಿ ಮಾರಿಯಾಳಿಗೆ ಮಾತು ಕೊಟ್ಟಿದ್ದ. ಎರಡು ದಿನ ಮುಗಿದಾಗ ಎಲ್ಲರಿಗಿಂತ ಮುಂದೆ ಅವನೇ ಇದ್ದ.

ಮೂರನೆಯ ದಿನ ಬಾಡಿಗೆ ಜೀಪಿನಲ್ಲಿ ನಾನು, ಮಾರಿಯಾ ಇಬ್ಬರೂ ಪಂದ್ಯದ ಹಿಂದೆ ಹೊರಟೆವು. ಸೈಕಲ್ ಪಂದ್ಯ ನೋಡುವುದು ನನ್ನಂಥವರಿಗೆ ಹೇಳಿದ್ದಲ್ಲ. ಏರಿನಲ್ಲಿ ತುಳಿಯುವವನ ಎದೆ ಒಡೆದೀತೆಂಬ ಚಿಂತೆ. ಇಳಿಜಾರಿನಲ್ಲಿ ತಲೆ ಒಡೆದೀತೆಂಬ ಚಿಂತೆ. ಸಮತಟ್ಟಿನಲ್ಲಾದರೂ ನೆಮ್ಮದಿ ಎಂದರೆ, ಮುಂದೆ ಏರು ಬರುತ್ತದೆ. ನನ್ನ ಬಾಯಿ ಸುಮ್ಮನಿರಲಿಲ್ಲ: ನೀರು ಕುಡಿದನೋ, ಟೈರಿನ ಗಾಳಿ ನೋಡಿಕೊಂಡನೋ. ಮಾರಿಯಾ ಸೆರಗನ್ನು ಹೊದ್ದು ರಸ್ತೆ ನೋಡುತ್ತ ಕೂತಿದ್ದಳು.

“ನಿನಗ ಏನೂ ಅನ್ಸೂದಿಲ್ಲೇನ, ತಂಗಿ?” ಎಂದೆ.

“ಏನ್ ಅನ್ಸಬೇಕ್ರಿ? ತುಳಿಯಾಂವ ಅಂವ” ಎಂದಳು.

ಜೋಯಿಡಾ ದಾಟಿದ ಮೇಲೆ ಬಸ್ತ್ಯಾಂವ ಗುಂಪು ಬಿಟ್ಟು ಒಬ್ಬನೇ ಮುಂದೆ ಹೋದ. ನಾವು ಗುಂಪಿನ ಹಿಂದೆ ಇದ್ದೆವು. ಅಷ್ಟರಲ್ಲಿ ಮುಂದಿನವರು ಒಬ್ಬೊಬ್ಬರಾಗಿ ನಿಂತರು. ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಕಾಡುಕೋಣ. ಹಿಂದೆ ಇನ್ನೂ ನಾಲ್ಕೈದು. ಅಷ್ಟು ಹೊತ್ತು ಒಬ್ಬರನ್ನೊಬ್ಬರು ಹಿಂದೆ ಹಾಕಲು ಜೀವ ಬಿಡುತ್ತಿದ್ದವರು ಈಗ ಒಬ್ಬರ ಹಿಂದೊಬ್ಬರು ಸರಿಯುತ್ತಿದ್ದರು. ಕೋಣ ನಮ್ಮನ್ನು ನೋಡಿತು, ಮೆಲುಕು ಹಾಕಿತು, ಮತ್ತೆ ನೋಡಿತು. ಅದಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಬಸ್ತ್ಯಾಂವ ಕೋಣದ ಆಚೆ, ಅವನ ಗಾಲಿ ನನ್ನ ತೊಡೆಯ ಮೇಲೆ. ಅವನ ಹಿಂದೆ ಒಂದು ನರಪಿಳ್ಳೆಯೂ ಇಲ್ಲ.

“ಹಾರ್ನ್ ಹೊಡಿಲಾ?” ಎಂದು ಚಾಲಕ ಇಮಾಮ್ ಕೇಳಿದ.

“ಬ್ಯಾಡಪ್ಪಾ” ಎಂದೆ. ಕೇಳಿಸಿತೋ ಇಲ್ಲವೋ, ದನಿ ಅಷ್ಟು ಸಣ್ಣದಾಗಿತ್ತು.

ಕೊನೆಗೆ ಹಿಂಡು ತನಗೆ ಮನಸ್ಸು ಬಂದಾಗ ಕಾಡಿಗಿಳಿಯಿತು. ಸೈಕಲ್‌ಗಳು ಬಾಣದಂತೆ ಹೋದವು. ನಾವು ಪ್ರತಿ ತಿರುವಿನಲ್ಲೂ ಕಂದಕದ ಕಡೆ ಕಣ್ಣು ಹಾಯಿಸುತ್ತ ಹೋದೆವು. ಒಂದು ಸೇತುವೆಯ ಹತ್ತಿರ ಬಸ್ತ್ಯಾಂವನ ಸೈಕಲ್ ಕಟ್ಟೆಗೆ ಒರಗಿ ನಿಂತಿತ್ತು. ಮುಂದಿನ ಗಾಲಿಯಲ್ಲಿ ಗಾಳಿ ಇರಲಿಲ್ಲ. ಬಸ್ತ್ಯಾಂವನೂ ಇರಲಿಲ್ಲ. ನಾನು ನೇರವಾಗಿ ಸೇತುವೆಯ ಕೆಳಗೆ ಇಣುಕಿದೆ.

ಪಕ್ಕದ ಮರದ ನೆರಳಿನಿಂದ ಹಾಲಿನ ಕ್ಯಾನುಗಳ ಜೊತೆ ಕೂತಿದ್ದ ಮುದುಕನೊಬ್ಬ ಎದ್ದು ಬಂದ. ಕೊಂಕಣಿ ಮಾತಿನವನು, ಕನ್ನಡ ಅಷ್ಟಕ್ಕಷ್ಟೇ.

“ಅಂವ ನಂದು ಸೈಕಲ್ ಒಯ್ದಾ. ಇದು ನೋಡ್ಕೋ ಅಂದಾ” ಎಂದ.

ಅಬ್ಬಾ ಎಂದು ಉಸಿರುಬಿಟ್ಟೆ. ಆದರೆ ನನಗೆ ಒಂದು ಚಿಂತೆ ಹೋದರೆ ಇನ್ನೊಂದು ಬಾಗಿಲಲ್ಲೇ ಕಾದಿರುತ್ತದೆ. “ನಿಮ್ಮ ಸೈಕಲ್ಲಿನ ಬ್ರೇಕ್ ಛಲೋ ಐತಿ ಹೌದಲ್ಲೋ?”

“ಬ್ರೇಕ್ ನಾ, ಇಲ್ಲ. ಕಾಲು ಹಚ್ಚೂದು.”

ಮುಂದೆ ಇದ್ದದ್ದು ಇಳಿಜಾರು. ಮುದುಕನನ್ನು, ಕ್ಯಾನುಗಳನ್ನು, ಸೈಕಲ್ಲನ್ನು ಜೀಪಿಗೆ ಹೇರಿ ಓಡಿದೆವು. ದಾರಿಯುದ್ದಕ್ಕೂ ನಾನು ಅಯ್ಯೋ ಅನ್ನುತ್ತಲೇ ಇದ್ದೆ, ಹಾಲು ತುಳುಕುತ್ತಲೇ ಇತ್ತು. ಇಳಿಜಾರು ಮುಗಿದು ಏರು ಶುರುವಾದಲ್ಲಿ ಅವನು ಸಿಕ್ಕ. ಗಿಡ್ಡನೆಯ ಮುದುಕನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ಬಡಿಯುವಂತೆ ತುಳಿಯುತ್ತಿದ್ದ. ಬೂಟಿನ ಅಟ್ಟೆ ಸವೆದು ಬೆರಳು ಹೊರಗೆ ಬಂದಿತ್ತು. ಗುಂಪು ಆಗಲೇ ಅವನನ್ನು ದಾಟಿ ಹೋಗಿತ್ತು.

“ಮಾಸ್ತರ, ಗಾಲಿ ಕೊಡ್ರಿ” ಎಂದ, ಅಷ್ಟೇ. ಕೊಟ್ಟೆ. ಇಮಾಮ್ ಸೈಕಲ್ ಇಳಿಸಿದ, ಬಸ್ತ್ಯಾಂವನೇ ತೊಡಿಸಿಕೊಂಡ. ಮುದುಕ ತನ್ನ ಸೈಕಲ್ಲಿನ ಬೆಲ್ ಬಾರಿಸಿ ನೋಡಿಕೊಂಡ.

ಬಸ್ತ್ಯಾಂವ ಉಳವಿ ಮುಟ್ಟಿದಾಗ ಬಿಜಾಪುರದವನೊಬ್ಬ ಗೆದ್ದಾಗಿತ್ತು. ಒಟ್ಟು ವೇಳೆಯಲ್ಲಿ ನಮ್ಮವನು ಎರಡನೆಯವನಾದ. ಬೇಸರವಿದ್ದರೂ ಗೆದ್ದವನ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ. ನಾನು ಮಾರಿಯಾಳನ್ನು ಹುಡುಕಿದೆ. ಅವಳು ಜೀಪಿನಿಂದ ಇಳಿದೇ ಇರಲಿಲ್ಲ.

“ಇಳಿ ತಂಗಿ, ಗಂಡ ಬಂದಾನ.”

“ಕಾಲು ನಿಲ್ಲವಲ್ದರಿ, ಮಾಸ್ತರ. ಬೆಳಿಗ್ಗಿಂದ ಹಿಂಗ ಐತಿ.”

ಸೆರಗಿನೊಳಗೆ ಅವಳ ಎರಡೂ ಕೈ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. “ಮೊದಲ ಹೇಳಬಾರದೇನ?” ಎಂದೆ.

“ನೀವ ಅಷ್ಟ ಅಂಜಿದ್ರಿ. ಇಬ್ಬರೂ ಅಂಜಿದ್ರ ಗಾಡಿ ಹೆಂಗ ಮುಂದ ಹೋಗ್ಬೇಕ್ರಿ?”

ಆ ದಿನ ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ಅವಳ ಪಕ್ಕದಲ್ಲಿ ಕೂತೆ, ಅವಳು ಅತ್ತು ಮುಗಿಸುವವರೆಗೂ.