ಶ್ರಾವಣದಲ್ಲಿ ಕಡ್ಲಿ ಸೊಪ್ಪು

ಮಗಳ ಸೀಮಂತದ ಕುಬಸ ಮುಗಿಸಿ ಬಾಣಂತನಕ್ಕೆಂದು ಉಣಕಲ್ಲಿನ ನಮ್ಮ ಮನೆಗೆ ಕರೆತಂದಿದ್ದೆವು. ಏನು ತಿನ್ನುವ ಬಯಕೆ ಎಂದು ಕೇಳಿದರೆ ಹಸಿ ಕಡ್ಲಿ ಸೊಪ್ಪು ಎಂದಳು. ಆಗಿನ್ನೂ ಶ್ರಾವಣ. ಕಡ್ಲೆ ಬಿತ್ತುವುದೇ ಹಿಂಗಾರಿಗೆ. ಚಳಿ ಬಿದ್ದ ಮೇಲೆ ಗಿಡದ ಕುಡಿ ಚಿವುಟಿ, ಬೇಯಿಸದೆ ಹಾಗೇ ರೊಟ್ಟಿಯೊಡನೆ ತಿನ್ನುವುದು ನಮ್ಮ ಕಡೆಯ ರೂಢಿ. ಆ ಎಲೆಯ ಮೇಲೆ ಹುಳಿ ತಾನಾಗಿಯೇ ಕೂತಿರುತ್ತದೆ. ಮಗಳಿಗೆ ಬೇಕಾಗಿದ್ದದ್ದು ಆ ಹುಳಿ.

ನಾನೂ ಹಟದವಳೇ. ಬಸುರಿಯ ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದಂತೆ. ಅದನ್ನೆಲ್ಲ ನಂಬುವುದಿಲ್ಲ ಎನ್ನುತ್ತಲೇ ಚೀಲ ಹಿಡಿದು ಬೆಂಗೇರಿ ಸಂತೆಗೆ ಹೋದೆ. ಸಿಗಲಿಲ್ಲ. ಎಸಿ ಹಾಕಿದ ದೊಡ್ಡ ಅಂಗಡಿಗೂ ಹೋದೆ. ಅಲ್ಲಿ ಊಟಿಯ ಗಜ್ಜರಿ, ಮೈಗೆಲ್ಲ ಚೀಟಿ ಅಂಟಿಸಿಕೊಂಡ ಪರದೇಶದ ಸೇಬು, ಯಾವ ಕಾಲದ್ದು ಬೇಕೋ ಅದೆಲ್ಲ ಇತ್ತು. ಹಡಗು ಹತ್ತಿ ಬಂದ ಸೇಬು ಸಿಗುತ್ತದೆ, ಇಲ್ಲೇ ಹತ್ತಿರದ ನವಲಗುಂದದ ಹೊಲದ ಸೊಪ್ಪು ಸಿಗುವುದಿಲ್ಲ. ನನಗೆ ಸಿಟ್ಟೇ ಬಂತು. ಬೇರೆಲ್ಲೋ ಬೆಳೆದಿದ್ದರೂ, ಮುಂಜಾನೆ ಚಿವುಟಿದ್ದು ಮಧ್ಯಾಹ್ನಕ್ಕೆ ಬಾಡುವ ಸೊಪ್ಪನ್ನು ಯಾರು ತಾನೇ ಲಾರಿಗೆ ಹೇರುತ್ತಾರೆ? ಸೇಬನ್ನೇ ತಂದೆ. ಮಗಳು ಒಂದು ಹೋಳು ತಿಂದು, ‘ಸೌತಿಕಾಯಿ ತಿಂದಂಗಾತು’ ಎಂದು ತಾಟು ಸರಿಸಿದಳು. ಹೋದ ವರ್ಷ ಒಣಗಿಸಿಟ್ಟ ಸೊಪ್ಪಿನ ಪಲ್ಯ ಮಾಡಿಕೊಟ್ಟೆ. ಅದೂ ಅವಳು ಕೇಳಿದ್ದಲ್ಲ.

ಕಾರ್ತಿಕದಲ್ಲಿ ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ತಿಂಗಳು ತುಂಬುವ ಹೊತ್ತಿಗೆ ಓಣಿಯಲ್ಲಿ ಸೊಪ್ಪಿನ ಬುಟ್ಟಿ ಹೊತ್ತವಳ ಕೂಗು ಕೇಳಿತು. ಓಡಿ ಹೋಗಿ ಉಡಿ ತುಂಬ ತಂದೆ. ಬಾಗಿಲಲ್ಲೇ ನನ್ನ ಅತ್ತೆ ತಡೆದರು.

‘ಬಾಣಂತಿಗೆ ಕಡ್ಲಿ ಸೊಪ್ಪು ಕೊಡ್ತಾರೇನು? ವಾಯು ಆಗ್ತೈತಿ. ಕೂಸಿನ ಹೊಟ್ಟಿ ನೋಯ್ತೈತಿ.’

‘ಒಂದೆರಡು ಎಲಿ ತಿಂದ್ರ ಏನಾಗ್ತೈತ್ರಿ ಅತ್ತಿ?’

‘ಕೂಸು ಅಳಾಕತ್ರ ನೀ ಎತಗೊಂಡು ತಿರಗ್ತೀ ಏನು?’

ಉಡಿಯ ಸೊಪ್ಪನ್ನು ಅಡಿಗೆಮನೆಗೆ ಒಯ್ದಿಟ್ಟೆ. ಕೂಸಿನ ವಿಷಯದಲ್ಲಿ ಧೈರ್ಯ ಸಾಲಲಿಲ್ಲ. ಒಳಗೆ ಹೊರಸಿನ ಮೇಲೆ ಕೂತಿದ್ದ ಮಗಳಿಗೆ ಎಲ್ಲ ಕೇಳಿಸಿತ್ತು.

‘ಅವ್ವಾ, ನೀನರ ತಿನ್ನು. ನಾ ನೋಡ್ತೇನಿ’ ಎಂದಳು.

ಬೇಡವೆಂದರೂ ಬಿಡಲಿಲ್ಲ. ಅವಳೆದುರೇ ಕೂತು, ಬಿಸಿ ರೊಟ್ಟಿಯಲ್ಲಿ ಸೊಪ್ಪು, ಉಳ್ಳಾಗಡ್ಡಿ, ಖಾರದ ಶೇಂಗಾ ಹಿಂಡಿ ಸುತ್ತಿ ಬಾಯಿಗಿಟ್ಟೆ.

‘ಹುಳಿ ಐತೇನು?’ ಎಂದು ಕೇಳಿದಳು.

‘ಇಲ್ಲ ಯವ್ವಾ. ಈ ವರ್ಷ ಭಾಳ ಸಪ್ಪಗೈತಿ’ ಎಂದೆ.

‘ಹಂಗಾದ್ರ ಕಣ್ಣು ಯಾಕ ಮುಚ್ಚಾಕತ್ತೀ?’ ಎಂದು ಮಗಳು ಉಗುಳು ನುಂಗಿದಳು.